ಮನೆ ಕೆಲಸಕ್ಕೆ ಮಕ್ಕಳಿಗೆ ದುಡ್ಡು: ಪಾಕೆಟ್ ಮನಿಯೋ, ಕೆಜಿ ಲೆಕ್ಕವೋ, ಪಾಲೋ?

ದೊಡ್ಡಹಬ್ಬ (ದೀಪಾವಳಿ) ಕಳೆದು ಅಡಿಕೆಯ ಕೊನೆಕೊಯ್ಲು ಶುರುವಾಯಿತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟದ ಮನೆಗಳಿಗೆ ಜನದ್ದೇ ಚಿಂತೆ. ಕೊನೆ ಕೊಯ್ಯುವವರು ಸಿಕ್ಕರೆ ಸುಲಿಯುವವರಿಲ್ಲ, ಸುಲಿಯುವವರು ಸಿಕ್ಕರೆ ಬೇಯಿಸಿ ಹರವುವುದಕ್ಕೆ ಕೈ ಸಾಲದು. ಆಗ ಎಲ್ಲರ ಕಣ್ಣೂ ಒಂಬತ್ತನೇ ಕ್ಲಾಸಿನ ಮಾಣಿಯ (ಹುಡುಗನ) ಮೇಲೆ, ಪಿಯುಸಿ ಓದುವ ಕೂಸಿನ (ಹುಡುಗಿಯ) ಮೇಲೆ ಬೀಳುತ್ತದೆ. ಅವರೂ ಈಗ ಕರೆದ ಕೂಡಲೇ ಬಂದು ಕೂರುವವರಲ್ಲ. "ಆಯೀ, ಅವ್ಕೆ ಕೊಡ್ತೆ, ಯಂಗೆ ಎಂತಕ್ಕೆ ಕೊಡ್ತಿಲ್ಲೆ?" (ಅಮ್ಮಾ, ಅವರಿಗೆ ಕೊಡ್ತೀಯ, ನನಗೆ ಯಾಕೆ ಕೊಡೋದಿಲ್ಲ?) ಎಂದು ಕೆಲಸದವರ ಎದುರೇ ಕೇಳುತ್ತಾರೆ. ಘಟ್ಟದ ಕೆಳಗೆ ಗೋಕರ್ಣದ ಹೋಮ್‌ಸ್ಟೇ ಮನೆಗಳಲ್ಲಿ, ಅಂಕೋಲೆ ಕುಮಟೆಯ ಅಂಗಡಿ ಮನೆಗಳಲ್ಲಿ, ಕಾರವಾರದ ಫ್ಲ್ಯಾಟುಗಳಲ್ಲೂ ಇದೇ ಪ್ರಶ್ನೆ ಇದೆ.

ಕೇಳಿದ್ದಕ್ಕೆ ಗದರಿ ಬಾಯಿ ಮುಚ್ಚಿಸುವವರು ಬಹಳ. ಕೈಗೆ ಐನೂರರ ನೋಟು ತುರುಕಿ ಸುಮ್ಮನಾಗಿಸುವವರೂ ಇದ್ದಾರೆ. ಎರಡರಲ್ಲೂ ಲೆಕ್ಕವಿಲ್ಲ. ನಮ್ಮ ಕಡೆಯ ಮನೆಗಳಲ್ಲಿ ರೂಢಿಯಲ್ಲಿರುವ ಐದು ಬಗೆಗಳನ್ನು ಇಲ್ಲಿ ಪಕ್ಕಪಕ್ಕ ಇಟ್ಟು ನೋಡಿದ್ದೇನೆ: ಏನೂ ಕೊಡದಿರುವುದು, ತಿಂಗಳ ಪಾಕೆಟ್ ಮನಿ, ಕೆಜಿ ಲೆಕ್ಕ, ದಿನಗೂಲಿ ಮತ್ತು ಪಾಲು.

ಮೊದಲು ಕೆಲಸ ಬೇರೆ ಮಾಡಿ

ಎಷ್ಟು ಕೊಡಬೇಕು ಎನ್ನುವುದಕ್ಕಿಂತ ಮೊದಲು ಯಾವುದಕ್ಕೆ ಕೊಡಬೇಕು ಎನ್ನುವುದು ಇತ್ಯರ್ಥವಾಗಬೇಕು. ನನ್ನ ಅಳತೆಗೋಲು ಒಂದೇ. ಮನೆಯಲ್ಲಿ ಈ ಹುಡುಗ ಅಥವಾ ಹುಡುಗಿ ಇಲ್ಲದಿದ್ದರೆ ಆ ಕೆಲಸಕ್ಕೆ ಹೊರಗಿನವರನ್ನು ಕರೆದು ದುಡ್ಡು ಕೊಡುತ್ತಿದ್ದಿರಾ? ಹೌದಾದರೆ ಮಕ್ಕಳಿಗೂ ಕೊಡಿ, ಅದೇ ದರದಲ್ಲಿ. ಇಲ್ಲವಾದರೆ ಅದು ಮನೆಯಲ್ಲಿ ಇರುವವರೆಲ್ಲ ಮಾಡಬೇಕಾದ ಕೆಲಸ, ಅದಕ್ಕೆ ದುಡ್ಡಿನ ಮಾತೇ ಬೇಡ.

ಉಂಡ ಬಟ್ಟಲು ತೊಳೆಯುವುದು, ಹಾಸಿಗೆ ಮಡಚುವುದು, ತನ್ನ ಬಟ್ಟೆ ಒಣಹಾಕುವುದು, ಮಳೆ ಬಂದರೆ ಅಂಗಳದಲ್ಲಿ ಹರವಿದ್ದನ್ನು ಒಳಗೆ ಎಳೆಯುವುದು, ಅಜ್ಜಿಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದು ಇವೆಲ್ಲ ಪುಕ್ಕಟೆ. ಅದರಲ್ಲೂ ಅಜ್ಜಿಯ ವಿಷಯದಲ್ಲಿ ನನ್ನದು ಹಠವೇ: ಬಸ್ ಚಾರ್ಜು, ಬರುವಾಗ ಒಂದು ಐಸ್‌ಕ್ರೀಮಿನ ದುಡ್ಡು ಕೊಡಿ, ಗಂಟೆಗಿಷ್ಟು ಎಂದು ಮಾತ್ರ ಕೊಡಬೇಡಿ. ಅಡಿಕೆ ಸುಲಿಯುವುದು, ಕಾಳುಮೆಣಸು ಬಿಡಿಸುವುದು, ಗೇರುಬೀಜ ಹೆಕ್ಕುವುದು, ಬೆಟ್ಟದಿಂದ ದರಕು (ಒಣ ಎಲೆ) ಹೊರುವುದು, ಹೋಮ್‌ಸ್ಟೇ ರೂಮು ಗುಡಿಸಿ ಹಾಸಿಗೆ ಹೊದಿಕೆ ಬದಲಿಸುವುದು, ರಜೆಯಲ್ಲಿ ಅಂಗಡಿಯ ಗಲ್ಲೆಯ ಮೇಲೆ ಕೂರುವುದು ಇವಕ್ಕೆ ದುಡ್ಡು ಉಂಟು.

ಕೊಟ್ಟಿಗೆ ಕೆಲಸ ನಡುವೆ ಸಿಕ್ಕಿಕೊಳ್ಳುತ್ತದೆ. ಮನೆಖರ್ಚಿಗೆ ಒಂದು ಎಮ್ಮೆ ಇದ್ದರೆ ಅದು ಮನೆಯ ಕೆಲಸ. ಡೈರಿಗೆ ಹಾಲು ಹಾಕುವಷ್ಟು ದನ ಇದ್ದರೆ ಅದು ವ್ಯವಹಾರ.

ಚಹಾದ ಪಾತ್ರೆಯ ಹಿಂದೆ ಯಾರು?

ಈ ಅಳತೆಗೋಲು ಹಿಡಿದರೆ ತಕ್ಷಣ ಕಣ್ಣಿಗೆ ಬೀಳುವ ಸಂಗತಿ ಒಂದಿದೆ. ಮಾಣಿ ಹೊರಗೆ ಮೆಟ್ಟುಗತ್ತಿಯ ಮುಂದೆ ಕೂತು ಸುಲಿಯುತ್ತಾನೆ, ಅವನು ಸುಲಿದು ತುಂಬಿದ ಡಬ್ಬಿ ಲೆಕ್ಕಕ್ಕೆ ಬರುತ್ತದೆ. ಅವನ ಅಕ್ಕ ಒಳಗೆ ಎಂಟು ಜನ ಕೆಲಸದವರಿಗೆ ಎರಡು ಹೊತ್ತು ಚಹಾ ಕುದಿಸಿ, ಅವಲಕ್ಕಿ ಕಲಸಿ, ಲೋಟ ತೊಳೆದು, ರಾತ್ರಿ ಊಟಕ್ಕೆ ಆಯಿಯ ಜತೆ ಕಾಯಿ ತುರಿಯುತ್ತಾಳೆ. ಅವಳದ್ದು ಯಾವ ಡಬ್ಬಿಗೂ ಬೀಳುವುದಿಲ್ಲ. ಅಡುಗೆಮನೆಯಲ್ಲಿ ಆಗಿದ್ದೆಲ್ಲ ಮನೆಗೆಲಸ ಎಂದು ತಳ್ಳಿಬಿಡುವುದು ಸುಲಭ. ಆದರೆ ಮನೆಯವರಿಗೆ ಮಾಡುವ ಚಹಾ ಬೇರೆ, ಕೊಯ್ಲಿನ ಕೆಲಸದವರಿಗೆ ಮಾಡುವ ಚಹಾ ಬೇರೆ. ಎರಡನೆಯದು ಸುಲಿತದ ಖರ್ಚಿನ ಭಾಗ. ಅವಳು ಹಾಸ್ಟೆಲಿನಲ್ಲಿದ್ದರೆ ಆ ಕೆಲಸಕ್ಕೆ ಊರಿನ ಯಾರನ್ನೋ ಕರೆದು ಕೂಲಿ ಕೊಡುತ್ತಿದ್ದಿರಿ. ಹೋಮ್‌ಸ್ಟೇ ಅಡುಗೆಮನೆಗೂ ಇದೇ ಮಾತು. ಇಬ್ಬರಲ್ಲಿ ಒಬ್ಬರಿಗೆ ಮಾತ್ರ ದುಡ್ಡು ಕೊಡುವುದಾದರೆ ಇಬ್ಬರಿಗೂ ಕೊಡದೇ ಇರುವುದು ಲೇಸು.

ಏನೂ ಕೊಡದಿರುವುದು

ಹಿಂದಿನಿಂದ ನಡೆದು ಬಂದದ್ದು ಇದೇ. ಇದರಲ್ಲಿ ಒಳ್ಳೆಯದು ಇಲ್ಲವೆಂದಲ್ಲ. ರಾತ್ರಿ ಎಲ್ಲರೂ ಸೇರಿ ಸುಲಿಯುತ್ತ ಕೂತಾಗ ಕೆಲಸ ಕಲಿಯುವುದು, ಊರ ಸುದ್ದಿ ಕೇಳುವುದು, ನಕ್ಕು ಹಗುರಾಗುವುದು ಎಲ್ಲ ಒಟ್ಟಿಗೇ ಆಗುತ್ತದೆ. ಮಕ್ಕಳಿಗೆ ಬೇಕಾದದ್ದನ್ನೂ ಮನೆಯಲ್ಲಿ ಕೊಡಿಸುತ್ತಾರೆ.

ತೊಡಕು ಇರುವುದು "ಮುಂದೆ ಎಲ್ಲ ನಿಂದೇ ಅಲ್ದಾ" ಎನ್ನುವ ಸಮಜಾಯಿಷಿಯಲ್ಲಿ. ಈ ಮಾತನ್ನು ಹೆಚ್ಚಿನಂಶ ಗಂಡುಮಕ್ಕಳಿಗೆ ಹೇಳುತ್ತಾರೆ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯ ಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಇದೆ ಎನ್ನುವುದು ಆ ಹೊತ್ತಿಗೆ ಯಾರಿಗೂ ನೆನಪಾಗುವುದಿಲ್ಲ. ಅದಿರಲಿ, ಹದಿನೈದರ ಹುಡುಗನಿಗೆ ಮೂವತ್ತು ವರ್ಷದ ಮೇಲೆ ಸಿಗುವ ತೋಟ ಈ ವರ್ಷದ ಮಾರಿಕಾಂಬಾ ಜಾತ್ರೆಯ ಖರ್ಚಿಗೆ ಒದಗುವುದಿಲ್ಲ.

ಮಗು ಇನ್ನೂ 14 ತುಂಬದ್ದಾದರೆ ಮಾತ್ರ ನಾನು ಇದನ್ನೇ ಆರಿಸುತ್ತೇನೆ, ಜತೆಗೆ ಸ್ವಲ್ಪ ಪಾಕೆಟ್ ಮನಿ. ಕಾರಣ ಕೆಳಗೆ ಕಾನೂನಿನ ಮಾತಿನಲ್ಲಿ ಬರುತ್ತದೆ.

ತಿಂಗಳ ಪಾಕೆಟ್ ಮನಿ

ಕಾರವಾರದಲ್ಲೋ ಕೈಗಾ ನೌಕರರ ಮಲ್ಲಾಪುರ ಕಾಲೊನಿಯಲ್ಲೋ ಇರುವ, ತೋಟ ಅಂಗಡಿ ಯಾವುದೂ ಇಲ್ಲದ ಸಂಬಳದ ಮನೆಗೆ ಇದು ಸರಿ. ಅಲ್ಲಿ ಹೊರಗಿನವರಿಗೆ ದುಡ್ಡು ಕೊಟ್ಟು ಮಾಡಿಸುವ ಕೆಲಸವೇ ಕಡಿಮೆ. ಒಂದು ಮೊತ್ತ ನಿಶ್ಚಯಿಸಿ ತಿಂಗಳ ಒಂದನೇ ತಾರೀಕು ಕೊಟ್ಟುಬಿಡಿ. ಅದರಲ್ಲಿ ಏನೇನು ಅಡಕ (ಮೊಬೈಲ್ ರೀಚಾರ್ಜ್, ಗೆಳೆಯರ ಹುಟ್ಟುಹಬ್ಬ, ಬೀಚಿನ ಹತ್ತಿರದ ಗೋಬಿ ಮಂಚೂರಿ) ಎನ್ನುವುದನ್ನು ಮೊದಲೇ ಹೇಳಿದರೆ ಮುಂದೆ ಚೌಕಾಸಿ ಇರುವುದಿಲ್ಲ.

ಒಂದು ಕಡೆ ಎಲ್ಲರೂ ಎಡವುತ್ತಾರೆ: ಪಾಕೆಟ್ ಮನಿಯನ್ನು ಮನೆಗೆಲಸಕ್ಕೆ ಗಂಟು ಹಾಕುವುದು. "ಕಸ ಹೊರಗೆ ಹಾಕದಿದ್ದರೆ ಐವತ್ತು ಕಟ್" ಎಂದರೆ ಹುಡುಗ ಲೆಕ್ಕ ಹಾಕುತ್ತಾನೆ, ಐವತ್ತು ಹೋದರೆ ಹೋಗಲಿ, ಕಸ ಬಿದ್ದಿರಲಿ ಎನ್ನುತ್ತಾನೆ. ಯೂರಿ ಗ್ನೀಝಿ ಮತ್ತು ಆಲ್ಡೊ ರುಸ್ತಿಕಿನಿ ಎಂಬ ಅರ್ಥಶಾಸ್ತ್ರಜ್ಞರು ಇಸ್ರೇಲಿನ ಹೈಫಾದ ಶಿಶುಪಾಲನಾ ಕೇಂದ್ರಗಳಲ್ಲಿ ಇಂಥದನ್ನೇ ಕಂಡು 2000ದಲ್ಲಿ ಬರೆದಿದ್ದಾರೆ. ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ತಂದೆ ತಾಯಿಗೆ ದಂಡ ಹಾಕಲು ಶುರು ಮಾಡಿದ ಮೇಲೆ ತಡವಾಗಿ ಬರುವವರು ಹೆಚ್ಚಾದರು. ದಂಡ ತೆಗೆದ ಮೇಲೂ ಮೊದಲಿನಂತಾಗಲಿಲ್ಲ. ನಾಚಿಕೆಯಿಂದ ನಡೆಯುತ್ತಿದ್ದದ್ದಕ್ಕೆ ಬೆಲೆ ಕಟ್ಟಿದರೆ ಜನ ಬೆಲೆ ತೆತ್ತು ಆರಾಮಾಗುತ್ತಾರೆ, ದೊಡ್ಡವರೇ ಹೀಗಿರುವಾಗ ಮಕ್ಕಳದ್ದೇನು. ಕಸ ಹಾಕದಿದ್ದರೆ ಬೈಯಿರಿ, ಆ ಸಂಜೆಯ ಆಟ ನಿಲ್ಲಿಸಿ, ಪಾಕೆಟ್ ಮನಿಯ ತಂಟೆಗೆ ಹೋಗಬೇಡಿ.

ಕೆಜಿ ಲೆಕ್ಕ

ತೋಟದ ಮನೆಗೆ ನನ್ನ ಮೊದಲ ಆಯ್ಕೆ ಇದು. ನಮ್ಮಲ್ಲಿ ಸುಲಿತಕ್ಕೆ ಮೊದಲಿಂದಲೂ ಅಳತೆಯ ಮೇಲೆಯೇ ಮಜೂರಿ. ಡಬ್ಬಿ ಲೆಕ್ಕವೋ ಕೆಜಿ ಲೆಕ್ಕವೋ, ಊರಿನ ದರ ಎಲ್ಲರಿಗೂ ಗೊತ್ತಿರುತ್ತದೆ. ಅದೇ ದರ ಮಕ್ಕಳಿಗೂ. "ಮಾಣಿ ಅಲ್ದಾ, ಅರ್ಧ ಸಾಕು" ಎನ್ನುವುದು ಅನ್ಯಾಯ. ಅವನ ಕೈ ನಿಧಾನ ಎನ್ನುವುದು ತೂಕದಲ್ಲೇ ಗೊತ್ತಾಗುತ್ತದಲ್ಲ, ದರದಲ್ಲಿ ಮತ್ತೊಮ್ಮೆ ಯಾಕೆ ಕಡಿಯಬೇಕು? ಲೆಕ್ಕಕ್ಕೆ ಕೆಜಿಗೆ 15 ರೂಪಾಯಿ ಎಂದಿಟ್ಟುಕೊಳ್ಳಿ. ಪಳಗಿದ ಹೆಂಗಸು 20 ಕೆಜಿ ಸುಲಿದು 300 ಪಡೆದರೆ, ಅಷ್ಟೇ ಹೊತ್ತಿನಲ್ಲಿ 6 ಕೆಜಿ ಸುಲಿದ ಮಾಣಿಗೆ 90. ಅವನಿಗೆ 45 ಕೊಟ್ಟರೆ ಮಾರನೇ ದಿನ ಅವನು ಅಲ್ಲಿ ಕೂರುವುದಿಲ್ಲ, ಕೂರಬೇಕಾಗಿಯೂ ಇಲ್ಲ.

ಅರೆಕಾಸಿನ ಮಜೂರಿ ಏನೂ ಕೊಡದ್ದಕ್ಕಿಂತ ಕಡೆ. ಮೇಲೆ ಹೇಳಿದ ಗ್ನೀಝಿ ಮತ್ತು ರುಸ್ತಿಕಿನಿ ಅದೇ ವರ್ಷದ ಇನ್ನೊಂದು ಲೇಖನದಲ್ಲಿ ಹೈಸ್ಕೂಲ್ ಮಕ್ಕಳನ್ನು ಮನೆಮನೆಗೆ ದೇಣಿಗೆ ಎತ್ತಲು ಕಳಿಸಿದ್ದನ್ನು ಹೇಳುತ್ತಾರೆ. ಕೆಲವರಿಗೆ ದುಡ್ಡಿಲ್ಲ, ಕೆಲವರಿಗೆ ಎತ್ತಿದ್ದರಲ್ಲಿ ಶೇ. 1ರಷ್ಟು, ಕೆಲವರಿಗೆ ಶೇ. 10ರಷ್ಟು ಹಣ. ಎಲ್ಲರಿಗಿಂತ ಕಡಿಮೆ ಎತ್ತಿದವರು ಶೇ. 1ರವರು. ಪುಕ್ಕಟೆ ಹೋದವರು ಶೇ. 10ರವರಿಗಿಂತಲೂ ಹೆಚ್ಚು ತಂದರು. ಅಂದರೆ ಕೊಡುವುದಾದರೆ ಸರಿಯಾಗಿ ಕೊಡಿ, ಇಲ್ಲವೇ "ಇದು ನಮ್ಮೆಲ್ಲರ ಕೆಲಸ" ಎಂದು ಬಾಯಿಬಿಟ್ಟು ಹೇಳಿ ಕರೆಯಿರಿ.

ಕೆಜಿ ಲೆಕ್ಕದ ದೋಷ ಅವಸರ. ಮೆಟ್ಟುಗತ್ತಿಯ ಕೆಲಸ ನೋಡಿದವರಿಗೆ ಗೊತ್ತು. ಮಣೆಯನ್ನು ಕಾಲಲ್ಲಿ ಒತ್ತಿ ಹಿಡಿದು, ಮೇಲೆ ನಿಂತ ಅಲಗಿಗೆ ಕಾಯಿಯನ್ನು ಎರಡೂ ಕೈಯಲ್ಲಿ ಒತ್ತಬೇಕು. ಸಿಪ್ಪೆ ಬಿಡುವಷ್ಟೇ ಒತ್ತಬೇಕು, ಒಳಗಿನ ಬೆಟ್ಟೆಗೆ (ಅಡಿಕೆಗೆ) ಅಲಗು ತಾಗಬಾರದು. ಹೆಬ್ಬೆರಳು ಅಲಗಿನಿಂದ ಕೂದಲೆಳೆಯಷ್ಟು ದೂರದಲ್ಲಿರುತ್ತದೆ. ಪಕ್ಕದವರ ಡಬ್ಬಿ ತುಂಬಿತು ಎಂದು ಹುಡುಗ ವೇಗ ಹೆಚ್ಚಿಸಿದ ಗಳಿಗೆಯಲ್ಲೇ ಬೆರಳು ಕೊಯ್ಯುವುದು, ಅಡಿಕೆಗೂ ಗಾಯ. ಗಾಯದ ಅಡಿಕೆಗೆ ಮುಂದೆ ದರವಿಲ್ಲ. ಆದ್ದರಿಂದ ಮೊದಲ ವಾರ ತೂಕ ಬೇಡ, ಕಲಿಯಲಿ. ಆಮೇಲೆ ಗಾಯದ್ದನ್ನು ಆರಿಸಿ ತೆಗೆದು ಉಳಿದದ್ದನ್ನು ತೂಗಿ. ಬೆರಳಿಗೆ ಬಟ್ಟೆ ಸುತ್ತಿಕೊಳ್ಳುವುದು ಹೆದರುಪುಕ್ಕಲುತನವಲ್ಲ ಎಂದು ಅಪ್ಪಯ್ಯನೇ ಸುತ್ತಿಕೊಂಡು ತೋರಿಸಲಿ.

ಮೆಣಸು ಬಿಡಿಸುವುದಕ್ಕೂ ಕೆಜಿ ಲೆಕ್ಕ ಒಗ್ಗುತ್ತದೆ. ಹಸಿ ತೂಕವೋ ಒಣ ತೂಕವೋ ಎಂದು ಮಾತ್ರ ಮೊದಲೇ ಹೇಳಬೇಕು. ಸುಮಾರು ಮೂರು ಕೆಜಿ ಹಸಿಕಾಳು ಒಣಗಿದರೆ ಒಂದು ಕೆಜಿ ಆಗುತ್ತದೆ. ಹಸಿ ತೂಕವೇ ಸರಿ, ಒಣಗಿಸುವುದು ಅವನ ಕೈಯಲ್ಲಿಲ್ಲ. ಏಣಿ ಏರುವ ಬಳ್ಳಿ ದೊಡ್ಡವರಿಗೆ, ನೆಲದಲ್ಲಿ ನಿಂತು ಕೈಗೆ ಎಟುಕುವ ಬಳ್ಳಿ ಮಕ್ಕಳಿಗೆ.

ದಿನಗೂಲಿ, ಗಂಟೆ ಲೆಕ್ಕ

ತೂಗಲಾಗದ ಕೆಲಸಕ್ಕೆ ಇದೇ ದಾರಿ: ರೂಮು ಸ್ವಚ್ಛ ಮಾಡುವುದು, ಅಂಗಡಿ ನೋಡಿಕೊಳ್ಳುವುದು, ಕೆಲಸದವರ ಚಹಾ ಊಟ. ದರ ಎಷ್ಟೆಂದು ತೋಚದಿದ್ದರೆ ಒಂದು ಆಧಾರ ಇದೆ. 2025-26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು, ಗಂಡಿಗೂ ಹೆಣ್ಣಿಗೂ ಒಂದೇ. ಎಂಟು ಗಂಟೆಗೆ ಭಾಗಿಸಿದರೆ ಗಂಟೆಗೆ 46 ರೂಪಾಯಿ ಚಿಲ್ಲರೆ. ಇದನ್ನು ತಳದ ದರ ಎಂದಿಟ್ಟುಕೊಂಡು, ನಿಮ್ಮೂರಿನಲ್ಲಿ ಆ ಕೆಲಸಕ್ಕೆ ಇನ್ನೂ ಹೆಚ್ಚು ನಡೆಯುತ್ತಿದ್ದರೆ ಅಷ್ಟು ಕೊಡಿ.

ನನಗೆ ಇದು ಅಷ್ಟೇನೂ ಇಷ್ಟವಿಲ್ಲದ ಬಗೆ. ಗಂಟೆಗೆ ದುಡ್ಡು ಎಂದಾಗ ಒಂದು ರೂಮಿಗೆ ಎರಡು ಗಂಟೆ ಬೇಕಾಗುತ್ತದೆ, ನಡುವೆ ಮೊಬೈಲ್ ಬೇರೆ. ಹೆತ್ತವರು ಮೇಸ್ತ್ರಿ ಆಗಿ ಹಿಂದೆ ನಿಲ್ಲಬೇಕು. ಹೋಮ್‌ಸ್ಟೇಯವರು ಗಂಟೆ ಬಿಟ್ಟು ರೂಮಿಗಿಷ್ಟು ಎಂದು ಮಾಡಿದರೆ ಜಗಳ ಅರ್ಧ ಇಳಿಯುತ್ತದೆ. ಬಾತ್‌ರೂಮ್ ಒಣಗಿದೆಯೇ, ಚಾದರ ಬದಲಾಗಿದೆಯೇ, ಕಸದ ಬುಟ್ಟಿ ಖಾಲಿಯೇ ಎಂದು ಮೂರು ಸಂಗತಿ ನೋಡಿ ದುಡ್ಡು ಕೊಡಿ.

ಪಾಲು

ಹದಿನಾರು ದಾಟಿದವರಿಗೆ ಇದರಷ್ಟು ಕಲಿಸುವುದು ಇನ್ನೊಂದಿಲ್ಲ. ಹತ್ತು ಮೆಣಸಿನ ಬಳ್ಳಿ, ಬೇಲಿಯಂಚಿನ ನಾಲ್ಕು ಗೇರುಮರ, ಹಿತ್ತಿಲ ಎರಡು ಮುರುಗಲು (ಕೋಕಂ) ಮರ, ಯಾವುದಾದರೂ ಒಂದನ್ನು "ಈ ವರ್ಷ ಇದರ ಉತ್ಪನ್ನ ನಿಂದು" ಎಂದು ಬಿಟ್ಟುಕೊಡುವುದು. ಸೊಸೈಟಿಯಲ್ಲಿ ಮೆಣಸು ಹಾಕಿದ ಚೀಟಿ ಅವನ ಕೈಗೇ ಬರಬೇಕು.

ಮುರುಗಲು ಇದಕ್ಕೆ ಹೇಳಿ ಮಾಡಿಸಿದ್ದು. ಹಣ್ಣಾಗುವುದೇ ಏಪ್ರಿಲ್ ಮೇ ರಜೆಯಲ್ಲಿ. ಹಣ್ಣು ಆರಿಸಿ, ಎರಡು ಹೋಳು ಮಾಡಿ, ಬೀಜ ಬೇರೆ ಮಾಡಿ, ಸಿಪ್ಪೆಯನ್ನು ಅದರದ್ದೇ ರಸದಲ್ಲಿ ಅದ್ದಿ ಒಣಗಿಸಿ ಮತ್ತೆ ಅದ್ದಿ ಒಣಗಿಸಬೇಕು. ಬೀಜ ಒಣಗಿಸಿಟ್ಟರೆ ಮುರುಗಲು ತುಪ್ಪಕ್ಕಾಗುತ್ತದೆ. ಸಂಜೆ ಮೋಡ ಕಟ್ಟಿದರೆ ಓಡಿಹೋಗಿ ತೆಗೆಯಬೇಕು. ಒಂದು ದಿನ ತಡವಾದರೆ ಸಿಪ್ಪೆಗೆ ಬೂಷ್ಟು. ಮಳೆ ಬಂದು ಹಾಳಾದರೆ ನಷ್ಟವೂ ಪಾಲು ಪಡೆದ ಮಗುವಿನದ್ದೇ. ಇಲ್ಲಿಯೇ ಹೆಚ್ಚಿನ ಅಪ್ಪಂದಿರು ಮನಸ್ಸು ಕರಗಿ "ಹೋಗ್ಲಿ ಬಿಡು, ತಗ" ಎಂದು ದುಡ್ಡು ಕೊಟ್ಟುಬಿಡುತ್ತಾರೆ. ಕೊಟ್ಟರೆ ಅದು ಪಾಲಲ್ಲ.

ಪಾಲಿನಲ್ಲಿ ಖರ್ಚೂ ಸೇರುತ್ತದೆ. ಗೊಬ್ಬರ, ಬಳ್ಳಿ ಕಟ್ಟಿದವರ ಕೂಲಿ, ಚೀಲ, ಸಾಗಾಟದ ರಿಕ್ಷಾ ಎಲ್ಲ ಒಂದು ಪಟ್ಟಿಯಲ್ಲಿ ಬರೆದು ಕಳೆಯಿರಿ. ಮತ್ತೆ ದರ ಏರಿದ ವರ್ಷ "ಇಷ್ಟೆಲ್ಲ ನಿಂಗೆ ಎಂತಕ್ಕೆ" ಎಂದು ಮಾತು ತಿರುಗಿಸಬಾರದು. ಪಾಲು ಕೊಟ್ಟು ಕಿತ್ತುಕೊಳ್ಳುವ ಮನೆಯಾದರೆ ಕೆಜಿ ಲೆಕ್ಕದಲ್ಲೇ ಉಳಿಯುವುದು ಒಳ್ಳೆಯದು. ಹದಿಮೂರು ಹದಿನಾಲ್ಕರವರಿಗೆ ಇದು ಬೇಡ, ವರ್ಷವಿಡೀ ಕಾಯುವ ತಾಳ್ಮೆ ಆ ವಯಸ್ಸಿಗಿಲ್ಲ.

ಕಾನೂನು ಎಲ್ಲಿ ಬರುತ್ತದೆ

2016ರಲ್ಲಿ ತಿದ್ದುಪಡಿಯಾದ ಬಾಲ ಮತ್ತು ಕಿಶೋರ ಕಾರ್ಮಿಕ ಕಾಯ್ದೆಯ ಪ್ರಕಾರ 14 ತುಂಬದ ಮಗುವನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. ತನ್ನ ಮನೆಯವರಿಗೆ, ಮನೆಯ ವ್ಯವಹಾರಕ್ಕೆ ಶಾಲೆ ಬಿಟ್ಟ ಮೇಲೆ ಇಲ್ಲವೇ ರಜೆಯಲ್ಲಿ ನೆರವಾಗಬಹುದು, ಅದೂ ಅಪಾಯದ ಕೆಲಸವಲ್ಲದಿದ್ದರೆ. ಅದು ನೆರವು, ಕೂಲಿಯಲ್ಲ. ಹಾಗಾಗಿ ಆ ವಯಸ್ಸಿನವರಿಗೆ ಕೆಜಿ ಲೆಕ್ಕ ಹಚ್ಚಬೇಡಿ ಎಂದು ಮೇಲೆ ಹೇಳಿದ್ದು.

ಕೆಲಸದವಳ ಜತೆ ಬರುವ ಅವಳ ಮಗಳು ಸುಲಿಯಲು ಕೂತರೆ ಅದು ನಿಮ್ಮ ಮನೆಯ ಮಗುವಲ್ಲ. 14ರ ಒಳಗಿದ್ದರೆ ಕೆಲಸ ಕೊಡುವಂತೆಯೇ ಇಲ್ಲ. 14ರಿಂದ 18ರ ನಡುವೆ ಇದ್ದರೆ ವಿರಾಮ ಸೇರಿ ದಿನಕ್ಕೆ ಆರು ಗಂಟೆ, ಒಂದೇ ಸಮ ಮೂರು ಗಂಟೆಗಿಂತ ಹೆಚ್ಚಿಲ್ಲ, ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಕೆಲಸವಿಲ್ಲ. ರಾತ್ರಿ ಸುಲಿತದ ಮನೆಯವರು ಇದನ್ನು ಗಮನಿಸಬೇಕು. ಸ್ವಂತ ಮಕ್ಕಳಿಗೆ ಈ ಗಂಟೆಯ ನಿಯಮ ಅನ್ವಯಿಸದಿದ್ದರೂ ಮನೆಯಲ್ಲಿ ಅದನ್ನೇ ಇಟ್ಟುಕೊಂಡರೆ ನಷ್ಟವೇನಿಲ್ಲ. ಎಸ್‌ಎಸ್‌ಎಲ್‌ಸಿ ಮಕ್ಕಳಿಗಂತೂ ಕೊಯ್ಲಿನ ಬೆನ್ನಿಗೇ ಪರೀಕ್ಷೆ. ಜನವರಿಯಿಂದ ಅವರನ್ನು ಸುಲಿತದಿಂದ ಬಿಡಿಸಿ, ದುಡ್ಡಿನ ಆಸೆ ತೋರಿಸಿ ಕೂರಿಸಬೇಡಿ.

ಎಷ್ಟು ದುಡ್ಡು ಕೊಟ್ಟರೂ ಮಕ್ಕಳಿಂದ ಮಾಡಿಸಬಾರದ ಕೆಲಸಗಳಿವೆ: ಮರ ಏರುವುದು, ಕೊಳೆರೋಗಕ್ಕೆ ಮೈಲುತುತ್ತು ಸುಣ್ಣದ ಔಷಧ ಹೊಡೆಯುವುದು, ಕಳೆ ಕೊಚ್ಚುವ ಯಂತ್ರ, ಅಡಿಕೆ ಬೇಯಿಸುವ ತೊಗರು ಕುದಿಯುವ ಹಂಡೆಯ ಕೆಲಸ. "ಸ್ಕೂಟಿ ತಗಂಡು ಹೋಗಿ ಡೈರಿಗೆ ಹಾಲು ಹಾಕ್ಕಂಡು ಬಾ" ಎನ್ನುವುದೂ ಇದರಲ್ಲೇ ಬಂತು. ಲೈಸೆನ್ಸ್ ಇಲ್ಲದ ಅಪ್ರಾಪ್ತರು ಗಾಡಿ ಓಡಿಸಿ ಸಿಕ್ಕಿಬಿದ್ದರೆ 2019ರ ತಿದ್ದುಪಡಿಯಂತೆ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು.

ದುಡ್ಡು ಕೈಗೋ ಖಾತೆಗೋ

ಸಣ್ಣ ಮೊತ್ತ ಕೈಗೆ, ದೊಡ್ಡದು ಖಾತೆಗೆ. ಹತ್ತು ವರ್ಷ ತುಂಬಿದವರು ಅಂಚೆ ಕಚೇರಿಯಲ್ಲಿ ತಮ್ಮ ಹೆಸರಲ್ಲೇ ಉಳಿತಾಯ ಖಾತೆ ತೆರೆದು ತಾವೇ ನಡೆಸಬಹುದು. ಕನಿಷ್ಠ ಬಾಕಿ 500 ರೂಪಾಯಿ, ಬಡ್ಡಿ ಶೇ. 4. ಬ್ಯಾಂಕುಗಳಲ್ಲೂ ಹತ್ತು ದಾಟಿದವರಿಗೆ ಇಂಥ ಖಾತೆಗೆ ರಿಸರ್ವ್ ಬ್ಯಾಂಕಿನ ಅನುಮತಿ ಇದೆ, ಮಿತಿಗಳು ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ತೆರಿಗೆ ಕಟ್ಟುವ ಮನೆಯವರಿಗೆ ಒಂದು ಮಾತು: ಅಪ್ರಾಪ್ತ ಮಕ್ಕಳ ಬಡ್ಡಿ ಆದಾಯ ಹೆತ್ತವರ ಆದಾಯಕ್ಕೆ ಸೇರುತ್ತದೆ, ಆದರೆ ಅವರು ಸ್ವಂತ ಮೈದುಡಿಮೆಯಿಂದ ಗಳಿಸಿದ್ದು ಸೇರುವುದಿಲ್ಲ.

"ನನ್ನ ಹತ್ರ ಇರ್ತು, ಬೇಕಾದಾಗ ಕೇಳು" ಎಂದು ಆಯಿ ಇಟ್ಟುಕೊಂಡ ದುಡ್ಡು ಕೊನೆಗೆ ಯಾರಿಗೂ ಸಿಗುವುದಿಲ್ಲ. ಶಾಲೆ ಫೀಸು, ಪುಸ್ತಕ, ಯೂನಿಫಾರ್ಮು ಇವಕ್ಕೆ ಮಕ್ಕಳ ದುಡಿಮೆಯಿಂದ ಕಡಿಯುವುದೂ ಬೇಡ, ಅದು ಹೇಗೂ ನಿಮ್ಮ ಮೇಲಿನ ಖರ್ಚು. ಅವರು ತಮ್ಮ ದುಡ್ಡಿನಲ್ಲಿ ಅರ್ಥವಿಲ್ಲದ ಹೆಡ್‌ಫೋನು ಕೊಂಡರೆ ಒಂದು ಮಾತು ಹೇಳಿ, ಎರಡನೆಯದು ಹೇಳಬೇಡಿ.

ದರದ ಮಾತು ಕೊಯ್ಲು ಶುರುವಾಗುವ ಮೊದಲು, ದಸರಾ ರಜೆಯಲ್ಲೇ ಆಗಲಿ. ಯಾವ ಕೆಲಸ ಪುಕ್ಕಟೆ, ಯಾವುದಕ್ಕೆ ಕೆಜಿ ದರ, ಯಾರು ತೂಗುವುದು, ವಾರದ ಯಾವ ದಿನ ಪಾವತಿ ಎಂದು ಒಂದು ಹಾಳೆಯಲ್ಲಿ ಬರೆದು ಕ್ಯಾಲೆಂಡರಿನ ಪಕ್ಕ ತೂಗುಹಾಕಿ. ಕೆಲಸದವರಿಗೆ ಬಟವಾಡೆ ಮಾಡುವ ದಿನವೇ, ಅದೇ ಪುಸ್ತಕದಲ್ಲಿ, ಮಕ್ಕಳ ಹೆಸರಿಗೂ ಒಂದು ಸಾಲು ಬರೆಯಿರಿ. ಊರಿನಲ್ಲಿ ಸುಲಿತದ ದರ ಏರಿದರೆ ಆ ಸಾಲಿನಲ್ಲೂ ಏರಿಸಿ, ಅವರು ಕೇಳುವವರೆಗೆ ಕಾಯುವುದು ಬೇಡ.